ಗುಳೆ ಹೋದವರ ಕೇಸಿಗೆ ಇಂಟರ್ನ್ ಆಗುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿಯ ಕಾನೂನು ವಿದ್ಯಾರ್ಥಿಗಳಿಗೆ

ವಲಸೆ ಕಾರ್ಮಿಕರ ಹಕ್ಕಿನ ಮೇಲೆ ಇಂಟರ್ನ್‌ಶಿಪ್ ಮಾಡಬೇಕು ಅಂದ ಕೂಡಲೇ ನಮ್ಮ ಕಡೆಯ ಕಾನೂನು ವಿದ್ಯಾರ್ಥಿಗಳು ಬೆಂಗಳೂರಿಗೋ ದಿಲ್ಲಿಗೋ ಈ-ಮೇಲ್ ಹಾಕಲು ಕೂರುತ್ತಾರೆ. ಬೇಡ ಅಂತಲ್ಲ. ಆದರೆ ಪುಣೆಯಲ್ಲಿ ಸೆಂಟ್ರಿಂಗ್ ಕುಸಿದು ಸತ್ತವನ ಹೆಂಡತಿ ಇರುವುದು ಚಿತ್ತಾಪುರದ ತಾಂಡಾದಲ್ಲಿ. ಹೈದರಾಬಾದ್ ಕಡೆಯ ಇಟ್ಟಂಗಿ ಭಟ್ಟಿಯ ಮುಂಗಡ ಕೈ ಬದಲಾದದ್ದು ಗುರುಮಠಕಲ್‌ನ ಚಹಾ ಅಂಗಡಿಯಲ್ಲಿ. ಕಬ್ಬು ಕಡಿಯಲು ಹೋದ ಟೋಳಿಯ ಲೆಕ್ಕದ ಚೀಟಿ ಸಿಗುವುದು ಔರಾದ್ ತಾಲೂಕಿನ ಯಾವುದೋ ಮನೆಯ ಟ್ರಂಕಿನಲ್ಲಿ. ದುಡಿದ ಜಾಗ ದೂರದ್ದು, ಸಾಕ್ಷಿ ಮಾತ್ರ ಇಲ್ಲಿಯದು. ಅದನ್ನು ಹೊತ್ತು ಮೀರುವ ಮೊದಲು ಕಾಗದಕ್ಕೆ ಇಳಿಸುವುದೇ ಇಂಟರ್ನ್ ಮಾಡಬಹುದಾದ ದೊಡ್ಡ ಕೆಲಸ. ಬೆಂಗಳೂರಿನ ವಕೀಲರಿಗೆ ಇದು ಸುಲಭಕ್ಕೆ ಆಗದು, ನಿಮಗೆ ಆಗುತ್ತದೆ.

ವಾರಗಳ ಲೆಕ್ಕ, ಕೂರುವ ಜಾಗ

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ 3 ವರ್ಷದ ಕೋರ್ಸಿಗೆ ಒಟ್ಟು 12 ವಾರ, 5 ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಯಾವ ವರ್ಷದಲ್ಲೂ ಒಂದೇ ಸಮನೆ 4 ವಾರ ಮೀರುವಂತಿಲ್ಲ. ಒಮ್ಮೆಯಾದರೂ ವಿಚಾರಣಾ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಮಾಡಿರಬೇಕು. ಸ್ವಯಂಸೇವಾ ಸಂಸ್ಥೆ, ನ್ಯಾಯಾಂಗ, ಸ್ಥಳೀಯ ಸ್ವಯಂ ಆಡಳಿತ ಸಂಸ್ಥೆ ಇವೆಲ್ಲ ಅದೇ ನಿಯಮದ ಪಟ್ಟಿಯಲ್ಲಿವೆ. ಅಂದರೆ ಗ್ರಾಮ ಪಂಚಾಯಿತಿಯೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಬಳಸಿಕೊಳ್ಳುವವರು ಕಡಿಮೆ. ಆದರೂ ಸೇರುವ ಮೊದಲೇ ಕಾಲೇಜಿನಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ "ಈ ಸಂಸ್ಥೆ ನಡೆಯೋದಿಲ್ಲ" ಅನ್ನಿಸಿಕೊಂಡರೆ ನಾಲ್ಕು ವಾರ ನೀರಿಗೆ ಹೋದಂತೆ.

ಮೊದಲ ಸಲಕ್ಕೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೇ ಒಳ್ಳೆಯದು. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಇದೆ, ತಾಲೂಕಿಗೊಂದು ಸಮಿತಿಯೂ ಇರುತ್ತದೆ. ಅರ್ಜಿಯನ್ನು ಸದಸ್ಯ ಕಾರ್ಯದರ್ಶಿಗಳ ಹೆಸರಿಗೆ ಬರೆಯಬೇಕು. ಒಂದು ಪುಟ ಸಾಕು: ಕಾಲೇಜು, ಸೆಮಿಸ್ಟರ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಬರುವ ಭಾಷೆಗಳು, ಯಾವ ತಾಲೂಕಿಗೆ ಸ್ವಂತ ಖರ್ಚಿನಲ್ಲಿ ಓಡಾಡಬಲ್ಲಿರಿ. ಜೊತೆಗೆ ಪ್ರಾಂಶುಪಾಲರ ಪತ್ರ, ಗುರುತಿನ ಚೀಟಿಯ ಪ್ರತಿ. ಭಾಷೆಯ ಸಾಲನ್ನು ದೊಡ್ಡದಾಗಿಯೇ ಬರೆಯಿರಿ. ಲಂಬಾಣಿ, ದಖ್ಖನಿ ಉರ್ದು, ತೆಲುಗು, ಮರಾಠಿ ಇವುಗಳಲ್ಲಿ ಒಂದು ಬಂದರೂ ನಿಮ್ಮ ಅರ್ಜಿಯ ತೂಕ ಬೇರೆ. ಸಾಮಾನ್ಯ ಇಂಟರ್ನ್‌ಶಿಪ್ ಅಂತ ಕೇಳಿದರೆ ಫೈಲು ಜೋಡಿಸುವ ಕೆಲಸ ಸಿಗುತ್ತದೆ. "ಅಸಂಘಟಿತ ಕಾರ್ಮಿಕರಿಗೆ ಕಾನೂನು ಸೇವೆ ಕುರಿತ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2015ರ ಯೋಜನೆಯಡಿ ಕೆಲಸ ಮಾಡಲು" ಅಂತ ಹೆಸರು ಹಿಡಿದು ಕೇಳಿ. ಆಗ ಪ್ರಾಧಿಕಾರದ ಪಟ್ಟಿಯಲ್ಲಿರುವ ಯಾವ ಪ್ಯಾನೆಲ್ ವಕೀಲರ ಕೈಕೆಳಗೆ ಹಾಕಬೇಕು ಅನ್ನುವುದು ಕಚೇರಿಗೂ ಹೊಳೆಯುತ್ತದೆ.

ಎರಡನೇ ಸಲ ಕಾರ್ಮಿಕ ಪ್ರಕರಣ ನಡೆಸುವ ವಕೀಲರ ಬಳಿ ಹೋಗಿ. 2013ರಿಂದ ಕಲಬುರಗಿಯಲ್ಲಿ ಹೈಕೋರ್ಟಿನ ಕಾಯಂ ಪೀಠ ಇರುವುದರಿಂದ ಪರಿಹಾರ ಪ್ರಕರಣದ ಮೇಲ್ಮನವಿ ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡಲು ಊರು ಬಿಡಬೇಕಿಲ್ಲ.

ಯಾವಾಗ ಹೋಗಬೇಕು ಅನ್ನುವುದು ಇವೆಲ್ಲಕ್ಕಿಂತ ಮುಖ್ಯ. ದಸರೆ, ದೀಪಾವಳಿ ಆಸುಪಾಸಿನಲ್ಲಿ ಕಬ್ಬಿನ ಟೋಳಿಗಳು ಹೊರಡುತ್ತವೆ, ರಾಶಿ ಮುಗಿಯುತ್ತಿದ್ದಂತೆ ಭಟ್ಟಿ ಮತ್ತು ಕಟ್ಟಡದ ಕೆಲಸಕ್ಕೆ ಹೋಗುವವರು. ಆಗ ತಾಂಡಾಗಳಲ್ಲಿ ಮುದುಕರು, ಮಕ್ಕಳು ಮಾತ್ರ. ಎಳ್ಳಮಾಸಿ, ಹೋಳಿ, ಯುಗಾದಿ, ಮೊಹರಂ, ಊರ ಜಾತ್ರೆ ಇವಕ್ಕೆ ಜನ ಮರಳುತ್ತಾರೆ. ಮಳೆ ಹಿಡಿದ ಮೇಲೆ ಬಿತ್ತನೆಗೆ ಬಂದವರು ಇನ್ನೂ ಹೆಚ್ಚು ದಿನ ಊರಲ್ಲಿರುತ್ತಾರೆ. ಜೂನ್-ಜುಲೈ ಇಂಟರ್ನ್‌ಶಿಪ್‌ನಲ್ಲಿ ಮನೆಮನೆ ಸಂದರ್ಶನ ಮಾಡಿ. ಡಿಸೆಂಬರ್-ಜನವರಿಯದಾದರೆ ಎಳ್ಳಮಾಸಿಯ ಎರಡು-ಮೂರು ದಿನಕ್ಕೆ ಭೇಟಿ ಇಟ್ಟುಕೊಂಡು ಉಳಿದ ದಿನ ಕಚೇರಿಯ ಕೆಲಸ ಮಾಡಿ. ಚರಗ ಚೆಲ್ಲುವ ದಿನವೇ ಹೊಲಕ್ಕೆ ಫಾರಂ ಹಿಡಿದು ಹೋಗಬೇಡಿ. ಭಜ್ಜಿ, ಕಡುಬು ತಿನ್ನಿಸಿ ಕಳಿಸುತ್ತಾರೆ, ಮಾಹಿತಿ ಕೊಡುವುದಿಲ್ಲ.

ಮೊದಲು ಎರಡು ಗೆರೆ ಎಳೆಯಿರಿ

ಯಾವುದೇ ಕೇಸು ಬರಲಿ, ಹಾಳೆಯ ಮೇಲ್ಗಡೆ ಎರಡು ಉತ್ತರ ಬರೆದುಕೊಳ್ಳಿ. ರಾಜ್ಯದ ಗಡಿ ದಾಟಿದ್ದಾರೆಯೇ? ಘಟನೆ ನಡೆದದ್ದು 2025ರ ನವೆಂಬರ್ 21ಕ್ಕೆ ಮೊದಲೋ, ಆಮೇಲೋ?

ಮೊದಲ ಪ್ರಶ್ನೆಯಲ್ಲಿ ಎಡವುವವರು ಬಹಳ. ಶಹಾಪುರದಿಂದ ಬೆಂಗಳೂರಿಗೆ 500 ಕಿಲೋಮೀಟರ್ ಹೋದವರು ಕಾನೂನಿನ ಲೆಕ್ಕದಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರಲ್ಲ. ಬಸವಕಲ್ಯಾಣದಿಂದ ಉಮರ್ಗಾಕ್ಕೆ ಹೋದವರು ಹೌದು. ಬೆಂಗಳೂರಿನವರ ಅರ್ಜಿಯಲ್ಲಿ ಅಂತರರಾಜ್ಯ ಕಾರ್ಮಿಕರ ಕಲಂ ಹಾಕಿದರೆ ಎದುರು ವಕೀಲರಿಗೆ ಮೊದಲ ದಿನವೇ ಹಬ್ಬ. ಅವರಿಗೆ ಕೂಲಿ, ಕಟ್ಟಡ ಕಾರ್ಮಿಕರ ಕಲ್ಯಾಣ, ಅಪಘಾತ ಪರಿಹಾರದ ಕಾನೂನುಗಳಷ್ಟೇ ಆಧಾರ, ಅವು ಸಾಕಷ್ಟು ಗಟ್ಟಿಯಾಗಿವೆ.

ಎರಡನೆಯದು ತಾರೀಖಿನ ಗೆರೆ. ಹಳೆ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 5 ಜನ ವಲಸೆ ಕಾರ್ಮಿಕರಿದ್ದರೂ ಅನ್ವಯಿಸುತ್ತಿತ್ತು, ಗುತ್ತಿಗೆದಾರ ಕರೆದೊಯ್ದವರನ್ನು ಮಾತ್ರ ಹಿಡಿಯುತ್ತಿತ್ತು. ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2020 ಈ ಸಂಖ್ಯೆಯನ್ನು 10ಕ್ಕೆ ಏರಿಸಿದೆ. ಆದರೆ ತಾವಾಗಿಯೇ ಹೋಗಿ ಕೆಲಸ ಹಿಡಿದವರನ್ನೂ ಸೇರಿಸಿಕೊಂಡಿದೆ, ಸಂಬಳದ ಮಿತಿ ತಿಂಗಳಿಗೆ 18,000 ರೂಪಾಯಿ. ಹಳೆ ಕಾಯ್ದೆಯ ಸ್ಥಳಾಂತರ ಭತ್ಯೆ ಹೊಸದರಲ್ಲಿಲ್ಲ, ಊರಿಗೆ ಹೋಗಿಬರುವ ಪ್ರಯಾಣ ಭತ್ಯೆ ಉಳಿದಿದೆ.

ಕೂಲಿ ಬಾಕಿಗೆ ಈ ಗೆರೆ ಇನ್ನೂ ಹರಿತ. ಹಳೆ ವ್ಯವಸ್ಥೆಯಲ್ಲಿ ಕನಿಷ್ಠ ವೇತನ ಕಾಯ್ದೆಯಡಿ 6 ತಿಂಗಳು, ವೇತನ ಪಾವತಿ ಕಾಯ್ದೆಯಡಿ 12 ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ವೇತನ ಸಂಹಿತೆ 2019 ಇದನ್ನು 3 ವರ್ಷ ಮಾಡಿದೆ, ಕೆಲಸ ಬಿಟ್ಟ ಅಥವಾ ಬಿಡಿಸಿದ 2 ಕೆಲಸದ ದಿನಗಳೊಳಗೆ ಪೂರ್ತಿ ಚುಕ್ತಾ ಮಾಡಬೇಕು ಅಂದಿದೆ. ಗೆರೆಯ ಹಿಂದಿನ ಬಾಕಿ ಇದ್ದರೆ ಮೂರು ವರ್ಷ ಇದೆ ಅಂತ ಕೂರಬೇಡಿ. ಹಳೆ ಅವಧಿಯೇ ಅನ್ವಯಿಸುತ್ತದೆ ಅಂದುಕೊಂಡು ಓಡಿ, ದಾಟಿಹೋಗಿದ್ದರೆ ವಿಳಂಬ ಮನ್ನಾ ಅರ್ಜಿಯ ಕರಡನ್ನೂ ಜೊತೆಗೆ ಸಿದ್ಧ ಮಾಡಿ ವಕೀಲರ ಮುಂದಿಡಿ.

ಸಂದರ್ಶನ

ನಿಮ್ಮ ಅರ್ಧ ಇಂಟರ್ನ್‌ಶಿಪ್ ಇದೇ. ಒಬ್ಬರಿಗೆ ಒಂದೂವರೆ ತಾಸು ಹಿಡಿಯುತ್ತದೆ. ದಿನಕ್ಕೆ ನಾಲ್ಕರ ಮೇಲೆ ಮಾಡಿದರೆ ಐದನೆಯವರ ಹೇಳಿಕೆಯಲ್ಲಿ ಮೂರನೆಯವರ ಮಾತು ಸೇರಿಕೊಳ್ಳುತ್ತದೆ.

ಒಬ್ಬರು ಮಾತಾಡಿಸಲಿ, ಇನ್ನೊಬ್ಬರು ಬರೆಯಲಿ. ಹೆಣ್ಣುಮಕ್ಕಳ ಜೊತೆ ಮಾತಾಡಲು ಇಬ್ಬರಲ್ಲಿ ಒಬ್ಬರಾದರೂ ವಿದ್ಯಾರ್ಥಿನಿ ಇರಲಿ. ತಾಂಡಾಕ್ಕೆ ಹೋದರೆ ಮೊದಲು ನಾಯಕರನ್ನು ಕಂಡು ಬಂದ ಕಾರಣ ಹೇಳಿ, ಆದರೆ ಹೇಳಿಕೆಯನ್ನು ಅವರ ಕಟ್ಟೆಯ ಮೇಲೆ ಕೂತು ಬರೆಯಬೇಡಿ. ಜನರನ್ನು ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ ಅಥವಾ ಮುಕಾದಮ ಬಹಳ ಸಲ ಅದೇ ತಾಂಡಾದವನು, ಸಂಬಂಧಿಕನೂ ಹೌದು. ಅವನ ಮನೆಯವರನ್ನು ದುಭಾಷಿ ಮಾಡಿಕೊಂಡರೆ ಮುಂಗಡದ ಅಂಕಿ ನಿಮ್ಮ ಹಾಳೆಗೆ ಬರುವ ಮೊದಲೇ ಅವನ ಕಿವಿಗೆ ಹೋಗಿರುತ್ತದೆ. ಮಕ್ಕಳನ್ನು ದುಭಾಷಿ ಮಾಡುವುದೂ ತಪ್ಪು. ಅಪ್ಪ ಹೊಡೆತ ತಿಂದದ್ದನ್ನು ಮಗಳ ಬಾಯಲ್ಲಿ ಹೇಳಿಸಬಾರದು.

ರೊಕ್ಕದ ಪ್ರಶ್ನೆಯಿಂದ ಶುರು ಮಾಡಬೇಡಿ. ದಾರಿಯಿಂದ ಶುರು ಮಾಡಿ: "ಊರು ಬಿಟ್ಟಿದ್ದು ಯಾವಾಗ್ರೀ? ಯಾವ ಗಾಡ್ಯಾಗ ಹೋದ್ರಿ? ಯಾರ್‍ಯಾರು ಇದ್ರಿ? ಟಿಕೀಟ್ ಯಾರು ತೆಗಿಸಿದ್ರು?" ಉದ್ಯಾನ್ ಎಕ್ಸ್‌ಪ್ರೆಸ್ಸೋ, ಸರ್ಕಾರಿ ಬಸ್ಸೋ, ಕಬ್ಬಿನ ಟ್ರ್ಯಾಕ್ಟರೋ ಅನ್ನುವುದರಲ್ಲೇ ಕರೆದೊಯ್ದವನು ಯಾರು ಅನ್ನುವುದು ಹೊರಬರುತ್ತದೆ. ದಾರಿಯ ಕಥೆ ಹೇಳುತ್ತ ಮನುಷ್ಯ ಸಡಿಲಾಗುತ್ತಾನೆ. ಆಮೇಲೆ ಕೆಲಸ, ಆಮೇಲೆ ಇರುವ ಜಾಗ, ಕೊನೆಗೆ "ಮುಂಗಡ ಎಷ್ಟು ಇಸ್ಕೊಂಡಿದ್ರಿ? ವಾರಕ್ಕ ಖರ್ಚಿ ಎಷ್ಟು ಕೊಡ್ತಿದ್ರು? ಬಾಕಿ ಎಷ್ಟು ಉಳದದ ಅಂತ ಅವ್ರು ಅಂತಾರ, ನೀವೇನಂತೀರಿ?" ಎರಡೂ ಅಂಕಿಯನ್ನು ಪ್ರತ್ಯೇಕ ಬರೆಯಿರಿ. ಇವುಗಳ ನಡುವಿನ ಅಂತರವೇ ಮುಂದೆ ವಾದ.

ತಾರೀಖು ಯಾರ ನೆನಪಿನಲ್ಲೂ ಇರುವುದಿಲ್ಲ. "ಶೀಗಿ ಹುಣ್ಣಿಮೆ ಆದ ಮ್ಯಾಲ", "ಶರಣಬಸಪ್ಪನ ತೇರಿಗೆ ನಾಕ್ ದಿನ ಇತ್ತು" ಅಂತಾರೆ. ಇದು ಒಳ್ಳೆಯ ಸಾಕ್ಷಿ, ಕೆಡಿಸಬೇಡಿ. ಅವರ ಮಾತನ್ನು ಇದ್ದ ಹಾಗೆ ಬರೆದು, ಆ ವರ್ಷದ ಪಂಚಾಂಗ ನೋಡಿ ಕಂಸದಲ್ಲಿ ಇಂಗ್ಲಿಷ್ ತಾರೀಖು ಹಾಕಿ, ಮುಂದೆ "ಸುಮಾರು" ಅಂತ ಸೇರಿಸಿ. ಹಬ್ಬದ ತಾರೀಖು ವರ್ಷವರ್ಷ ಸರಿಯುತ್ತದೆ ಅನ್ನುವುದನ್ನು ಮರೆತು ಹೋದ ವರ್ಷದ್ದನ್ನೇ ಬರೆದರೆ ಪಾಟಿ ಸವಾಲಿನಲ್ಲಿ ಸಾಕ್ಷಿ ಸುಳ್ಳುಗಾರನಾಗುತ್ತಾನೆ. ತಪ್ಪು ಅವನದಲ್ಲ, ನಿಮ್ಮದು.

ಕಬ್ಬಿನ ಕೆಲಸದಲ್ಲಿ ಗಂಡ-ಹೆಂಡತಿಯನ್ನು ಸೇರಿಸಿ ಒಂದು "ಕೊಯ್ತಾ" ಅಂತ ಎಣಿಸುತ್ತಾರೆ, ಭಟ್ಟಿಯಲ್ಲಿ "ಜೋಡಿ" ಅನ್ನುತ್ತಾರೆ. ಲೆಕ್ಕ ಗಂಡನ ಹೆಸರಿಗೆ. ನೀವೂ ಹಾಗೇ ಬರೆದರೆ ಒಬ್ಬ ಕಾರ್ಮಿಕಳು ಅರ್ಜಿಯಿಂದಲೇ ಮಾಯ. ಪ್ರತಿಯೊಬ್ಬರಿಗೂ ಬೇರೆ ಸಾಲು: ಹೆಸರು, ವಯಸ್ಸು, ಮಾಡಿದ ಕೆಲಸ, ದಿನಕ್ಕೆ ಎಷ್ಟು ತಾಸು, ಕೈಗೆ ಬಂದದ್ದೆಷ್ಟು. 10 ಜನರ ಸಂಖ್ಯೆ ತಲುಪುತ್ತದೋ ಇಲ್ಲವೋ ಅನ್ನುವುದೂ ಈ ಪಟ್ಟಿಯಿಂದಲೇ ತೀರ್ಮಾನ. 14 ವರ್ಷದೊಳಗಿನ ಮಗು ಕೆಲಸ ಮಾಡಿದೆ ಅಂತ ಗೊತ್ತಾದರೆ ಅದು ಬೇರೆಯೇ ದಾರಿ, ಅಂದೇ ವಕೀಲರಿಗೆ ಹೇಳಿ. ಮಗು ಇನ್ನೂ ಅಲ್ಲೇ ಇದ್ದರೆ ಮಕ್ಕಳ ಸಹಾಯವಾಣಿ 1098.

ಮಾಲೀಕನ ಹೆಸರು ಕೇಳಿದರೆ "ಸೇಠ", "ರೆಡ್ಡಿ", "ಬಿಲ್ಡರ್ ಸಾಬ್" ಅಂತ ಬರುತ್ತದೆ. ಸೇಠನ ಹೆಸರಿಗೆ ನೋಟಿಸು ಹೋಗುವುದಿಲ್ಲ. ಕಟ್ಟಡದ ಕೆಲಸವಾದರೆ ಸೈಟಿನ ಬೋರ್ಡಿನ ಫೋಟೋ ಇದೆಯೇ ಕೇಳಿ. ಅದರ ಮೇಲಿನ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರನ್ನು ಆ ರಾಜ್ಯದ ರೇರಾ ವೆಬ್‌ಸೈಟಿನಲ್ಲಿ ಹಾಕಿದರೆ ಪ್ರವರ್ತಕರ ಪೂರ್ತಿ ಹೆಸರು, ವಿಳಾಸ ಸಿಗುತ್ತದೆ. ಬೋರ್ಡಿನ ಫೋಟೋ ಇಲ್ಲದಿದ್ದರೆ ಹಿಂದೆ ಬೋರ್ಡು ಕಾಣುವ ಸೆಲ್ಫಿಯಾದರೂ ಯಾರದೋ ಫೋನಿನಲ್ಲಿ ಇದ್ದೇ ಇರುತ್ತದೆ. ಹೆಲ್ಮೆಟ್ ಮೇಲಿನ ಸ್ಟಿಕರ್, ಗೇಟ್ ಪಾಸು, ಖರ್ಚಿ ಕಳಿಸಿದ ಫೋನ್‌ಪೇ ಖಾತೆಯ ಹೆಸರು, ಟ್ರ್ಯಾಕ್ಟರಿನ ನಂಬರು ಎಲ್ಲವೂ ಕೆಲಸಕ್ಕೆ ಬರುತ್ತವೆ.

ಫೋನಿನಲ್ಲಿರುವುದನ್ನು ನಿಮ್ಮ ವಾಟ್ಸಾಪ್‌ಗೆ ಕಳಿಸಿಕೊಂಡು ಕೆಲಸ ಮುಗಿಯಿತು ಅನ್ನಬೇಡಿ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ತೆಗೆದ ಸಮಯ ಮತ್ತು ಜಾಗದ ವಿವರ ಅಳಿಸಿಹೋಗುತ್ತದೆ. ಮೂಲ ಕಡತವನ್ನು ಕೇಬಲ್ ಹಾಕಿ ನಕಲು ಮಾಡಿ, ಫೋನಿನ ಮಾದರಿ ಮತ್ತು ಐಎಂಇಐ ನಂಬರು ಬರೆದಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ, ಅಂದರೆ ಕಡತ ಬದಲಾಗಿಲ್ಲ ಅಂತ ತೋರಿಸುವ ಅಂಕಿ-ಅಕ್ಷರಗಳ ಗುರುತು, ಕೇಳುತ್ತಾರೆ. ಎ ಭಾಗಕ್ಕೆ ಪಕ್ಷಗಾರರೂ ಬಿ ಭಾಗಕ್ಕೆ ತಜ್ಞರೂ ಸಹಿ ಹಾಕಬೇಕು. ಫೋನ್ ಮಾರಬೇಡಿ, ರಿಸೆಟ್ ಮಾಡಬೇಡಿ ಅಂತ ಎರಡೆರಡು ಸಲ ಹೇಳಿ ಬನ್ನಿ.

ಸತ್ತವರ, ಗಾಯಗೊಂಡವರ ಕೇಸು

ನಮ್ಮ ಜಿಲ್ಲೆಗಳಿಂದ ಹೂಡಬಹುದಾದ ಅತ್ಯಂತ ಗಟ್ಟಿ ಕೇಸು ಇದು. ನೌಕರರ ಪರಿಹಾರ ಕಾಯ್ದೆ 1923ರ 21ನೇ ಕಲಂ ಪ್ರಕಾರ ಅಪಘಾತ ನಡೆದ ಜಾಗದಲ್ಲೇ ಅರ್ಜಿ ಹಾಕಬೇಕಿಲ್ಲ. ಕಾರ್ಮಿಕ, ಅಥವಾ ಅವನು ಸತ್ತಿದ್ದರೆ ಅವಲಂಬಿತರು, ವಾಸಿಸುವ ಜಾಗದ ಪರಿಹಾರ ಆಯುಕ್ತರ ಮುಂದೆಯೂ ಹಾಕಬಹುದು. ಪುಣೆಯಲ್ಲಿ ಸತ್ತವನ ಹೆಂಡತಿ ಪುಣೆಯ ಕೋರ್ಟಿಗೆ ಅಲೆಯಬೇಕಿಲ್ಲ. ಇದು ಗೊತ್ತಿಲ್ಲದೆಯೇ ಎಷ್ಟೋ ಮನೆಯವರು ಬಿಲ್ಡರ್ ಕೊಟ್ಟ ಐವತ್ತು ಸಾವಿರ, ಒಂದು ಲಕ್ಷ ಇಸ್ಕೊಂಡು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ.

ಎಷ್ಟು ಬರಬೇಕಿತ್ತು ಅನ್ನುವುದಕ್ಕೆ ಲೆಕ್ಕ ನೋಡಿ. ಆ ಕಾಯ್ದೆಯಡಿ ಸಾವಾದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿನ ಗುಣಾಂಕದಿಂದ ಗುಣಿಸಬೇಕು. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000. ಸತ್ತವನಿಗೆ 30 ವರ್ಷವಾಗಿದ್ದರೆ ಗುಣಾಂಕ 207.98. ಅರ್ಧ ವೇತನ 7,500 ಗುಣಿಸು 207.98 ಅಂದರೆ 15,59,850 ರೂಪಾಯಿ. 25 ವರ್ಷವಾಗಿದ್ದರೆ ಗುಣಾಂಕ 216.91, ಮೊತ್ತ 16,26,825. ಕೊಡಬೇಕಾದ ದಿನದಿಂದ ತಿಂಗಳು ದಾಟಿದರೆ ಶೇಕಡಾ 12 ಬಡ್ಡಿ, ಸಕಾರಣವಿಲ್ಲದೆ ತಡ ಮಾಡಿದರೆ ಶೇಕಡಾ 50ರವರೆಗೆ ದಂಡ ಬೇರೆ. ವಯಸ್ಸಿನಲ್ಲಿ ಒಂದು ವರ್ಷ ಹೆಚ್ಚುಕಮ್ಮಿಯಾದರೂ ಮೊತ್ತ ಬದಲಾಗುತ್ತದೆ. ಆಧಾರ್, ಶಾಲೆ ದಾಖಲೆ, ಮತದಾರ ಚೀಟಿ ಮೂರರಲ್ಲೂ ಮೂರು ವಯಸ್ಸು ಇರುವುದು ನಮ್ಮಲ್ಲಿ ಮಾಮೂಲು, ಅದನ್ನು ಅರ್ಜಿ ಹಾಕುವ ಮೊದಲೇ ವಕೀಲರ ಗಮನಕ್ಕೆ ತನ್ನಿ.

ಅರ್ಜಿ ಹಾಕಲು 2 ವರ್ಷ ಇದೆ. 2025ರ ನವೆಂಬರ್ 21ರ ನಂತರದ ಅಪಘಾತಕ್ಕೆ ಸಾಮಾಜಿಕ ಭದ್ರತಾ ಸಂಹಿತೆಯ ಕಲಂಗಳನ್ನು ನೋಡಬೇಕು. ಮೊದಲು ಒಂದು ಪ್ರಶ್ನೆ ಕೇಳಿ: ಸಂಬಳದಿಂದ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿತ್ತೇ? ಹೌದಾದರೆ ದಾರಿ ಇ.ಎಸ್.ಐ. ನಿಗಮದ ಕಡೆಗೆ, ಪರಿಹಾರದ ಅರ್ಜಿ ನಿಲ್ಲುವುದಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾದಂಥ ಕೇಸಾದರೆ ಮೋಟಾರು ವಾಹನ ಕಾಯ್ದೆಯಡಿಯೂ ಹೋಗಬಹುದು, ಅಲ್ಲೂ ವಾಸದ ಊರಿನಲ್ಲೇ ಹಾಕಲು ಅವಕಾಶವಿದೆ. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕು, ಮೋಟಾರು ವಾಹನದ್ದಕ್ಕೆ 2022ರ ಏಪ್ರಿಲ್‌ನಿಂದ 6 ತಿಂಗಳ ಗಡುವು ಬಂದಿದೆ. ಯಾವುದು ಲಾಭ ಅನ್ನುವುದನ್ನು ವಕೀಲರು ನಿರ್ಧರಿಸಲಿ, ಆ ನಿರ್ಧಾರ ಆರು ತಿಂಗಳೊಳಗೆ ಆಗುವಂತೆ ನೆನಪಿಸುವುದು ನಿಮ್ಮ ಪಾಲು.

ಕಷ್ಟ ಬರುವುದು ಕಾಗದದಲ್ಲಿ. ಮನೆಯವರು ಹೆಣ ತಂದಿರುತ್ತಾರೆ, ಕಾಗದ ತಂದಿರುವುದಿಲ್ಲ. ಎಫ್‌ಐಆರ್ ಅಥವಾ ಅಸಹಜ ಸಾವಿನ ವರದಿ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ ಈ ನಾಲ್ಕೂ ಬೇಕು. ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದದ್ದನ್ನು ಅಲ್ಲಿ ಹುಡುಕಿ. ಉಳಿದ ಕಾಗದಕ್ಕೆ ಆ ಊರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಇಲ್ಲಿನ ಪ್ರಾಧಿಕಾರದಿಂದ ಪತ್ರ ಬರೆಸಿ. ವಿದ್ಯಾರ್ಥಿ ಫೋನ್ ಮಾಡಿದರೆ ಎತ್ತದವರು ಪ್ರಾಧಿಕಾರದ ಪತ್ರಕ್ಕೆ ಉತ್ತರ ಕೊಡುತ್ತಾರೆ. ಮಹಾರಾಷ್ಟ್ರದ ಕಾಗದ ಮರಾಠಿಯಲ್ಲಿ, ತೆಲಂಗಾಣದ್ದು ತೆಲುಗಿನಲ್ಲಿ ಬರುತ್ತದೆ. ಬೀದರ್ ಕಡೆ ಇಬ್ಬರೂ ಭಾಷಾಂತರಕಾರರು ಸಿಗುತ್ತಾರೆ ಅನ್ನುವುದು ಒಂದು ಅನುಕೂಲ. ಗುತ್ತಿಗೆದಾರನ ಜೊತೆ ಮೂಲ ಮಾಲೀಕರನ್ನೂ, ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಪಕ್ಷಗಾರರನ್ನಾಗಿ ಸೇರಿಸಲು ಬೇಕಾದ ವಿಳಾಸಗಳನ್ನು ನೀವೇ ಹುಡುಕಿ ಕೊಟ್ಟರೆ ವಕೀಲರ ಒಂದು ವಾರ ಉಳಿಯುತ್ತದೆ.

ಮುಂಗಡ ಜೀತವಾದಾಗ

ಮುಂಗಡ ಪಡೆದ ಮಾತ್ರಕ್ಕೆ ಜೀತವಲ್ಲ. ಮುಂಗಡ ತೀರುವವರೆಗೆ ಬೇರೆ ಕಡೆ ದುಡಿಯುವಂತಿಲ್ಲ, ಊರಿಗೆ ಹೋಗುವಂತಿಲ್ಲ, ಕನಿಷ್ಠ ಕೂಲಿಯೂ ಇಲ್ಲ ಅಂದಾಗ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬರುತ್ತದೆ. ಈ ನಿರ್ಬಂಧಗಳಲ್ಲಿ ಒಂದಿದ್ದರೂ ಸಾಕು, ಬೇಡಿ ಹಾಕಿರಬೇಕಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ ಸಂವಿಧಾನದ 23ನೇ ವಿಧಿಯ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲಿ ಏಷ್ಯಾಡ್ (ದಿಲ್ಲಿ ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಕಾಯ್ದೆಯ 15ನೇ ಕಲಂ ಪ್ರಕಾರ ಅದು ಜೀತದ ಸಾಲವಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಜೀತವೆಂದು ಆದ ಮೇಲೆ ಆ ಸಾಲವೇ ಇಲ್ಲ. ಮುಂಗಡ ವಾಪಸ್ ಕೊಟ್ಟು ರಾಜಿ ಮಾಡಿಕೊಳ್ಳಿ ಅನ್ನುವ ಹಿರಿಯರಿಗೆ ಇದನ್ನು ವಿನಯದಿಂದಲೇ ಹೇಳಬೇಕಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪು ಅವಸರ. ಭಟ್ಟಿಯಿಂದ ಫೋನ್ ಬಂದ ಕೂಡಲೇ ಗಾಡಿ ಕಳಿಸಿ ಜನರನ್ನು ಊರಿಗೆ ತರಿಸುತ್ತಾರೆ. ಜೀವಭಯವಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಸ್ಥಳಕ್ಕೆ ಬಂದು ಹೇಳಿಕೆ ಪಡೆಯುವುದು ಮುಖ್ಯ. ಬಿಡುಗಡೆ ಪ್ರಮಾಣಪತ್ರ ಕೊಡುವವರು ಆ ಜಾಗದ ಅಧಿಕಾರಿ. ಜನ ಊರಿಗೆ ಬಂದುಬಿಟ್ಟರೆ ಆ ಜಿಲ್ಲೆಯವರು "ಇಲ್ಲಿ ಯಾರೂ ಇಲ್ಲ" ಅನ್ನುತ್ತಾರೆ, ಈ ಜಿಲ್ಲೆಯವರು "ಇಲ್ಲಿ ನಡೆದದ್ದಲ್ಲ" ಅನ್ನುತ್ತಾರೆ. ಪ್ರಮಾಣಪತ್ರವಿಲ್ಲದೆ ಪುನರ್ವಸತಿ ಇಲ್ಲ. ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ, ಪೂರ್ಣ ಪುನರ್ವಸತಿ ಗಂಡಸಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ತೀವ್ರ ಶೋಷಣೆಯ ಪ್ರಕರಣದಲ್ಲಿ 3 ಲಕ್ಷ.

ಕಲಬುರಗಿ ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿ ಕಚೇರಿ ಕಲಬುರಗಿ ಮತ್ತು ಸೇಡಂನಲ್ಲಿ, ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣದಲ್ಲಿ, ಯಾದಗಿರಿಗೆ ಯಾದಗಿರಿಯಲ್ಲೇ. ದೂರನ್ನು ಎರಡೂ ಕಡೆಯ ಜಿಲ್ಲಾಧಿಕಾರಿಗಳಿಗೆ ಒಂದೇ ದಿನ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಪೊಲೀಸರು ವ್ಯಾಪ್ತಿ ನಮ್ಮದಲ್ಲ ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ತೋರಿಸಿ: ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ದಾಖಲಿಸಿಕೊಳ್ಳಬೇಕು. ಸಂತ್ರಸ್ತರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು ಆರೋಪಿ ಈ ಜಾತಿ, ಪಂಗಡದವನಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್), ಅಂದರೆ ಬಿಟ್ಟಿ ಚಾಕರಿ, ಜೀತ ಮಾಡಿಸುವ ಅಪರಾಧ, ಬರುತ್ತದೆ. ಜಾತಿ ಪ್ರಮಾಣಪತ್ರ ಮೊದಲೇ ತೆಗೆಸಿಡಿ. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪಂಗಡ, ಮಹಾರಾಷ್ಟ್ರದಲ್ಲಿ ಎರಡೂ ಅಲ್ಲ. ಗಡಿಯಾಚೆ ನಡೆದ ಘಟನೆಯಲ್ಲಿ ಇದು ತೊಡಕಾಗಬಹುದು, ವಕೀಲರಿಗೆ ಮೊದಲೇ ಹೇಳಿಡಿ.

ಇಲ್ಲಿಗೆ ಬಂದವರು

ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆ, ಕಲಬುರಗಿಯ ದಾಲ್ ಮಿಲ್ಲುಗಳ ಸುತ್ತ ಉತ್ತರದ ರಾಜ್ಯಗಳವರೂ ದುಡಿಯುತ್ತಾರೆ. ಅವರಿಗೆ ನಾವೇ ಪರರಾಜ್ಯ. ಹಿಂದಿಯಲ್ಲಿ ಮಾತಾಡಿ, ಗೇಟಿನ ಮುಂದೆ ಅಲ್ಲ, ಕೋಣೆಗಳಲ್ಲಿ. ಬಂಗಾಳಿ ಮಾತಾಡುವವರನ್ನು ಯಾರೋ ವಿದೇಶಿಗರು ಅಂತ ದೂರಿದರೆ ಅವರ ದಾಖಲೆಗಳನ್ನು ನೀವು ಸಂಗ್ರಹಿಸಬೇಡಿ, ಯಾರಿಗೂ ಕೊಡಬೇಡಿ. ನೇರ ಪ್ಯಾನೆಲ್ ವಕೀಲರಿಗೆ ತಿಳಿಸಿ. ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿರುವುದು ನಾಗರಿಕರಿಗಷ್ಟೇ ಅಲ್ಲ.

ನೋಂದಣಿಯ ಚಿಲ್ಲರೆ ಕೆಲಸ

ಬೇಸರದ್ದು, ಆದರೆ ಊರಲ್ಲಿ ನಂಬಿಕೆ ಹುಟ್ಟುವುದು ಇದರಿಂದಲೇ. ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ನೋಂದಣಿಯಾದ ಇ-ಶ್ರಮ್‌ಗೆ 16ರಿಂದ 59 ವಯಸ್ಸು, ಪಿ.ಎಫ್., ಇ.ಎಸ್.ಐ. ಇರಬಾರದು, ಸಹಾಯವಾಣಿ 14434. ಕಟ್ಟಡ ಕಾರ್ಮಿಕರ ಮಂಡಳಿಗೆ 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ. ನಕಲಿ 90 ದಿನದ ಪತ್ರ ಕೊಡುವ ದಲ್ಲಾಳಿಗಳಿಂದ ದೂರವಿರಿ, ಒಂದು ಸಿಕ್ಕಿಬಿದ್ದರೆ ಇಡೀ ಊರಿನ ಕಾರ್ಡುಗಳ ಮೇಲೆ ಕಣ್ಣು ಬೀಳುತ್ತದೆ. ರೇಷನ್ ಕಾರ್ಡ್ ಇರುವವರು ಕೇಂದ್ರದ ಪಾಲಿನ ಧಾನ್ಯವನ್ನು ಮುಂಬೈ, ಹೈದರಾಬಾದಿನಲ್ಲೂ ಎತ್ತಬಹುದು. ಹೆಬ್ಬೆಟ್ಟಿನ ಗುರುತು ಸವೆದ ಇಟ್ಟಂಗಿ ಕೆಲಸದವರಿಗೆ ಬಯೋಮೆಟ್ರಿಕ್ ತಾಗುವುದಿಲ್ಲ, ಆಧಾರ್ ಕೇಂದ್ರದಲ್ಲಿ ಮೊದಲೇ ನವೀಕರಿಸಲು ಹೇಳಿ.

ಇಲಾಖೆಯಿಂದ ಮಾಹಿತಿ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಉದ್ದ ಬರೆದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ.

ಮಾಡಬಾರದ್ದು, ಬರೆದಿಡಬೇಕಾದ್ದು

ನೀವಿನ್ನೂ ವಕೀಲರಲ್ಲ. ನೋಟಿಸಿಗೆ ಸಹಿ ಹಾಕುವಂತಿಲ್ಲ, ಮುಕಾದಮನಿಗೆ ಫೋನ್ ಮಾಡಿ ಗದರುವಂತಿಲ್ಲ, ಬಸ್ಸಿನ ಖರ್ಚಿಗೆಂದೂ ರೊಕ್ಕ ಮುಟ್ಟುವಂತಿಲ್ಲ. "ಹದಿನೈದು ಲಕ್ಷ ಬರ್ತದ" ಅಂತ ಲೆಕ್ಕ ಹೇಳಿ ಬಂದರೆ ಮರುದಿನವೇ ಆ ಮನೆಗೆ ಸಾಲ ಕೊಟ್ಟವರು ಬಂದು ಕೂರುತ್ತಾರೆ. ಮೊತ್ತವನ್ನು ಫೈಲಿನಲ್ಲಿ ಬರೆಯಿರಿ, ಬಾಯಲ್ಲಿ ಹೇಳಬೇಡಿ. ಸಂತ್ರಸ್ತರ ಫೋಟೋವನ್ನು ಸ್ಟೇಟಸ್‌ಗೆ ಹಾಕುವ ಚಟ ಬಿಡಿ. ಆ ಸ್ಟೇಟಸ್ ಮೇಸ್ತ್ರಿಯೂ ನೋಡುತ್ತಾನೆ.

ಉಚಿತ ಕಾನೂನು ನೆರವಿನ ಅರ್ಜಿಗೆ ಎಲ್ಲರ ಬಳಿಯೂ ಆದಾಯ ಪ್ರಮಾಣಪತ್ರ ಕೇಳಬೇಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಂನಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಮಾನವ ಸಾಗಣೆ ಅಥವಾ ಬಿಟ್ಟಿ ಚಾಕರಿಗೆ ಬಲಿಯಾದವರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಅರ್ಹರು. ತಹಶೀಲ್ದಾರ್ ಕಚೇರಿಗೆ ಸುಮ್ಮನೆ ಎರಡು ದಿನ ಓಡಿಸಿದರೆ ಅವರ ಎರಡು ದಿನದ ಕೂಲಿ ಹೋಯಿತು. ಫೋನಿನಲ್ಲಿ ಕೇಳುವವರಿಗೆ ಕಾನೂನು ನೆರವಿನ ಸಹಾಯವಾಣಿ 15100 ಕೊಡಿ.

ಡೈರಿಯನ್ನು ದಿನದಿನವೇ ಬರೆಯಿರಿ, ಕೊನೆಯ ರಾತ್ರಿ ಅಲ್ಲ. ಅಂತಿಮ ಹಂತದ ಕ್ಲಿನಿಕಲ್ ಪತ್ರಿಕೆಯಲ್ಲಿ ಕಕ್ಷಿದಾರರ ಎರಡು ಸಂದರ್ಶನ ನೋಡಿ ಬರೆದದ್ದಕ್ಕೆ 15 ಅಂಕ, ದಾಖಲೆ ತಯಾರಿ ಮತ್ತು ಅರ್ಜಿ ಸಲ್ಲಿಕೆ ನೋಡಿ ಬರೆದದ್ದಕ್ಕೆ 15 ಅಂಕ. ಇಲ್ಲಿ ಮಾಡಿದ ಕೆಲಸವೇ ಅಲ್ಲಿಗೂ ಆಗುತ್ತದೆ. ಆದರೆ ಕಾಲೇಜಿಗೆ ಕೊಡುವ ಡೈರಿಯಲ್ಲಿ ನಿಜವಾದ ಹೆಸರು, ಊರು ಬೇಡ. ಅಕ್ಷರ-ಅಂಕಿ ಸಂಕೇತ ಹಾಕಿ, ಸಂಕೇತದ ಪಟ್ಟಿ ವಕೀಲರ ಬಳಿ ಮಾತ್ರ ಇರಲಿ.

ಬಿಡುವ ದಿನ ಪ್ರತಿ ಫೈಲಿನ ಮೇಲೆ ಒಂದು ಹಾಳೆ ಅಂಟಿಸಿ: ಇರುವ ಕಾಗದ, ಬರಬೇಕಾದ ಕಾಗದ, ಕಾಲಮಿತಿ ಮುಗಿಯುವ ತಾರೀಖು ಕೆಂಪು ಶಾಯಿಯಲ್ಲಿ. ಕಾರ್ಮಿಕರಿಗೆ ಕನ್ನಡದಲ್ಲಿ ದೊಡ್ಡ ಅಕ್ಷರದ ಚೀಟಿ ಕೊಡಿ: ವಕೀಲರ ಹೆಸರು, ಕಚೇರಿಯ ನಂಬರು, ಮುಂದಿನ ದಿನಾಂಕ. ಅವರ ನಂಬರಿನ ಜೊತೆ ಊರು ಬಿಟ್ಟು ಹೋಗದ ಒಬ್ಬರ ನಂಬರು ಬರೆದುಕೊಳ್ಳಿ: ಅತ್ತೆಯದೋ, ಅಂಗನವಾಡಿ ಅಕ್ಕನದೋ, ಕಿರಾಣಿ ಅಂಗಡಿಯ ಕಾಕಾನದೋ. ಕೇಸು ಕರೆಯುವ ಹೊತ್ತಿಗೆ ಆ ಮನುಷ್ಯ ಮತ್ತೆ ಗುಳೆ ಹೋಗಿ ಸಿಮ್ ಬದಲಿಸಿರುತ್ತಾನೆ.